ಹಾಮೆಲ್ನ್: ಮಕ್ಕಳು ಹೊರಟುಹೋದ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾನೋವರ್‌ನ ನಮ್ಮ ಮನೆಗೆ ಊರಿಂದ ಯಾರೇ ಬಂದರೂ ಮೊದಲ ಭಾನುವಾರ ಹಾಮೆಲ್ನ್‌ಗೆ ಹೋಗುವುದು ವಾಡಿಕೆಯಾಗಿಬಿಟ್ಟಿದೆ. "ಕಿಂದರಿ ಜೋಗಿಯ ಊರು" ಎಂದರೆ ಸಾಕು, ಮಂಡಿನೋವಿನ ಅತ್ತೆಯೂ ಚಪ್ಪಲಿ ಹಾಕಿಕೊಂಡು ಸಿದ್ಧ. ಹೋಗುವಾಗ ರೈಲಿನಲ್ಲಿ, ಬರುವಾಗ ರೈಲಿನಲ್ಲಿ, ಆಮೇಲೆ ಪತ್ರಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವರು ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆಡಿಸುವಂಥವು ಕೊನೆಗೆ.

## ಊರು ಮತ್ತು ಕಥೆ

ಕಿಂದರಿ ಜೋಗಿಯ ಊರು ನಿಜವಾಗಿಯೂ ಇದೆಯಾ? ಎಲ್ಲಿದೆ?

ಇದೆ. ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ, ಹ್ಯಾನೋವರ್‌ನಿಂದ ನೈರುತ್ಯಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ವೇಸರ್ ನದಿಯ ದಡದಲ್ಲಿ. ಸುಮಾರು 57,000 ಜನರಿರುವ ಜಿಲ್ಲಾ ಕೇಂದ್ರ. ಸುತ್ತ ಕಾಡು ಹೊದ್ದ ತಗ್ಗು ಗುಡ್ಡಗಳು, ನಡುವೆ ನದಿ. ಶಾಲೆ, ಆಸ್ಪತ್ರೆ, ಕಾರ್ಖಾನೆ ಎಲ್ಲ ಇರುವ, ಜನ ಬೆಳಗಾಗೆದ್ದು ಕೆಲಸಕ್ಕೆ ಹೋಗುವ ಊರು. ಬೆಟ್ಟದ ಮೇಲಿನ ಕೋಟೆ, ಮಂಜು, ಮಾಯೆ ಎಂದೆಲ್ಲ ಕಲ್ಪಿಸಿಕೊಂಡು ಬಂದವರಿಗೆ ಸ್ಟೇಷನ್ನಿನ ಹೊರಗೆ ಬಸ್‌ಗಳ ಸಾಲು ಕಂಡು ಕೊಂಚ ನಿರಾಸೆಯಾಗುತ್ತದೆ. ಹದಿನೈದು ನಿಮಿಷ ನಡೆದು ಹಳೇ ಪೇಟೆ ಸೇರಿದ ಮೇಲೆ ಆ ನಿರಾಸೆ ಉಳಿಯುವುದಿಲ್ಲ.

ಹ್ಯಾಮ್ಲಿನ್, ಹ್ಯಾಮೆಲಿನ್, ಹಾಮೆಲ್ನ್: ಯಾವುದು ಸರಿ?

ಅಲ್ಲಿನವರು ಹೇಳುವುದು ಹಾಮೆಲ್ನ್. ಮಿಕ್ಕವು ಇಂಗ್ಲಿಷ್ ಪಠ್ಯಪುಸ್ತಕದ ಮೂಲಕ ನಮಗೆ ಬಂದವು. ವೇಸರ್‌ಗೆ ಇಲ್ಲಿ ಬಂದು ಸೇರುವ ಹಾಮೆಲ್ ಎಂಬ ಸಣ್ಣ ಹೊಳೆಯಿಂದ ಊರಿಗೆ ಆ ಹೆಸರು.

ಮಗಳಿಗೆ ಕಥೆ ಹೇಳಬೇಕು. ಅಲ್ಲಿನವರು ಹೇಳುವ ಕಥೆ ಹೇಗಿದೆ?

ಊರಿನಲ್ಲಿ ಇಲಿಗಳ ಕಾಟ. ಬಣ್ಣಬಣ್ಣದ ಬಟ್ಟೆ ತೊಟ್ಟ ಅಪರಿಚಿತನೊಬ್ಬ ಬಂದು, ಇಷ್ಟು ಹಣ ಕೊಟ್ಟರೆ ಇಲಿಗಳನ್ನೆಲ್ಲ ಇಲ್ಲದಂತೆ ಮಾಡುತ್ತೇನೆ ಎನ್ನುತ್ತಾನೆ. ಪಿಳ್ಳಂಗೋವಿಯಂಥ ವಾದ್ಯ ಊದುತ್ತಾನೆ, ಇಲಿಗಳೆಲ್ಲ ಹಿಂದೆ ಹೋಗಿ ವೇಸರ್‌ನಲ್ಲಿ ಮುಳುಗುತ್ತವೆ. ಊರವರು ಹಣ ಕೊಡುವುದಿಲ್ಲ. 1284ರ ಜೂನ್ 26ರಂದು ಅವನು ಬೇಟೆಗಾರನ ವೇಷದಲ್ಲಿ, ಕೆಂಪು ಟೊಪ್ಪಿ ಹಾಕಿಕೊಂಡು ಮತ್ತೆ ಬಂದು ಊದುತ್ತಾನೆ. ಈ ಸಲ ಹೊರಡುವುದು ಮಕ್ಕಳು, 130 ಮಂದಿ. ಗುಡ್ಡದೊಳಗೆ ಹೋದವರು ಮತ್ತೆ ಬರಲಿಲ್ಲ.

ಗ್ರಿಮ್ ಸಹೋದರರು 1816ರ ತಮ್ಮ ಐತಿಹ್ಯಗಳ ಸಂಗ್ರಹದಲ್ಲಿ ಕೊಟ್ಟಿರುವ ಕಥೆಯಲ್ಲಿ ಕೆಲವು ವಿವರಗಳಿವೆ, ಅವನ್ನು ಬಿಡದೆ ಹೇಳಿ. ಹಿಂದೆ ಬಿದ್ದ ಇಬ್ಬರು ಮಕ್ಕಳು ಮರಳಿದರು. ಒಂದಕ್ಕೆ ಕಣ್ಣಿಲ್ಲ, ಇನ್ನೊಂದಕ್ಕೆ ಮಾತಿಲ್ಲ. ಕಣ್ಣಿಲ್ಲದ ಮಗು ಏನಾಯಿತೆಂದು ಹೇಳಿತು, ಆದರೆ ಜಾಗ ತೋರಿಸಲಾಗಲಿಲ್ಲ. ಮಾತಿಲ್ಲದ ಮಗು ಜಾಗ ತೋರಿಸಿತು, ಏನು ಕೇಳಿತೆಂದು ಹೇಳಲಾಗಲಿಲ್ಲ. ಇನ್ನೊಬ್ಬ ಹುಡುಗ ಬರೀ ಅಂಗಿಯಲ್ಲಿ ಓಡಿದ್ದವನು ಕೋಟು ತರಲೆಂದು ಹಿಂದಿರುಗಿದ, ಅದರಿಂದಲೇ ಉಳಿದುಕೊಂಡ.

ಇದು "ಫೇರಿ ಟೇಲ್" ಅಲ್ಲವಾ? ಸಿಂಡ್ರೆಲಾ ತರಹ?

ಜರ್ಮನರು ಇವೆರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. "ಒಂದಾನೊಂದು ಊರಲ್ಲಿ" ಎಂದು ಶುರುವಾಗುವುದು ಮೆರ್ಶೆನ್, ಅಂದರೆ ಅಜ್ಜಿಕಥೆ. ಇಂಥ ಊರು, ಇಂಥ ವರ್ಷ, ಇಂಥ ದಿನ ಎಂದು ಗುರುತು ಹಿಡಿದು ಹೇಳುವುದು ಝಾಗೆ, ಅಂದರೆ ಐತಿಹ್ಯ. ಹಾಮೆಲ್ನ್‌ನದು ಐತಿಹ್ಯ. ನಮ್ಮಲ್ಲಿ ಕೆರೆಗೆ ಹಾರವಾದವಳ ಕಥೆಯನ್ನು ಕೆರೆಯ ಏರಿ ತೋರಿಸಿ ಹೇಳುತ್ತಾರಲ್ಲ, ಆ ಜಾತಿಯದು.

ಕುವೆಂಪು ಅವರ ಬೊಮ್ಮನಹಳ್ಳಿಗೂ ಈ ಊರಿಗೂ ಏನು ಸಂಬಂಧ?

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆ ಹಾಮೆಲ್ನ್‌ನ ಕಥೆಯನ್ನು ಇಂಗ್ಲಿಷ್ ಬಲ್ಲ ಲೋಕಕ್ಕೆಲ್ಲ ಮುಟ್ಟಿಸಿತು. ಮ್ಯಾಕ್ರೆಡಿ ಎಂಬ ನಟನ ಮಗನಿಗಾಗಿ ಬರೆದದ್ದು ಅದು. ಆ ಕವಿತೆಯ ಜಾಡು ಹಿಡಿದು ಕುವೆಂಪು ಬರೆದದ್ದು 'ಬೊಮ್ಮನಹಳ್ಳಿಯ ಕಿಂದರಿ ಜೋಗಿ'. ಅಲ್ಲಿ ವೇಸರ್ ತುಂಗೆಯಾಯಿತು. ಪೈಪರ್ ಜೋಗಿಯಾದ.

ನನಗೆ ಬಹಳ ಹಿಡಿಸುವುದು ವಾದ್ಯದ ಬದಲಾವಣೆ. ಹಾಮೆಲ್ನ್‌ನವನು ಊದುತ್ತಾನೆ, ನಮ್ಮವನು ತಂತಿ ಮೀಟುತ್ತಾನೆ. ಮಲೆನಾಡಿನ ಮಗುವಿಗೆ ಅಂಗಳಕ್ಕೆ ಬರುವ ಅಪರಿಚಿತ ಎಂದರೆ ಕಿಂದರಿ ಹಿಡಿದ ಜೋಗಿಯೇ. ಆ ಮಗುವಿಗೆ ಯಾವ ಸದ್ದು ಕೇಳಿದರೆ ಕಾಲು ನಿಲ್ಲುವುದಿಲ್ಲವೋ ಆ ಸದ್ದನ್ನೇ ಕವಿ ಆರಿಸಿಕೊಂಡರು. ಹಾಮೆಲ್ನ್‌ನಲ್ಲಿ ಒಮ್ಮೆ ನಮ್ಮ ಗುಂಪಿನ ಹಿರಿಯರೊಬ್ಬರು ನದಿಯ ಮೆಟ್ಟಿಲ ಮೇಲೆ ಕೂತು ಆ ಪದ್ಯವನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಹೇಳಿದರು. ಭಾಷೆ ತಿಳಿಯದ ಇಬ್ಬರು ಜರ್ಮನ್ ಹುಡುಗಿಯರು ಸೈಕಲ್ ನಿಲ್ಲಿಸಿ ಕೇಳುತ್ತಾ ನಿಂತರು.

## ಊರಿನ ಇತಿಹಾಸ

ಇಲಿಗಳ ಕಥೆ ಬಿಟ್ಟರೆ ಈ ಊರಿಗೆ ಇತಿಹಾಸ ಅಂತ ಏನಾದರೂ ಇದೆಯೇ?

ಹನ್ನೆರಡು ಶತಮಾನಗಳದ್ದು ಇದೆ. ಒಂಬತ್ತನೆಯ ಶತಮಾನದಲ್ಲಿ ಫುಲ್ಡಾದ ದೊಡ್ಡ ಕ್ರೈಸ್ತ ಮಠ ಇಲ್ಲಿ ನದಿ ದಾಟುವ ಜಾಗದಲ್ಲಿ ತನ್ನ ಶಾಖೆ ತೆರೆಯಿತು. ಸಂತ ಬೋನಿಫೇಸ್‌ನ ಹೆಸರಿನ ಆ ದೇವಾಲಯ, ಜನ ಮ್ಯೂನ್‌ಸ್ಟರ್ ಎಂದು ಕರೆಯುವುದು, ಹಳೇ ಪೇಟೆಯ ದಕ್ಷಿಣ ತುದಿಯಲ್ಲಿ ಈಗಲೂ ನಿಂತಿದೆ. ಮಠದ ಸುತ್ತ ಸಂತೆ, ಸಂತೆಯ ಸುತ್ತ ಪೇಟೆ. 1200ರ ಹೊತ್ತಿಗೆ ಅದು ಪಟ್ಟಣವಾಗಿತ್ತು.

ಹಳೆಯ ದಾಖಲೆಗಳಲ್ಲಿ ಊರಿನ ಹೆಸರು ಕ್ವೆರ್ನ್-ಹಾಮೆಲ್ನ್ ಎಂದೂ ಬರುತ್ತದೆ. ಕ್ವೆರ್ನ್ ಅಂದರೆ ಬೀಸುವ ಕಲ್ಲು. ನದಿಯ ನೀರು ತಿರುಗಿಸುವ ಹಿಟ್ಟಿನ ಗಿರಣಿಗಳೇ ಊರಿನ ಬದುಕು. ನಗರ ಲಾಂಛನದಲ್ಲಿ ಇವತ್ತಿಗೂ ದೇವಾಲಯದ ಚಿತ್ರದ ಜೊತೆ ಬೀಸುಗಲ್ಲಿದೆ. ಗಿರಣಿ ಇದ್ದಲ್ಲಿ ಕಾಳು, ಕಾಳಿದ್ದಲ್ಲಿ ಇಲಿ. ಇಲಿಗಳ ಕಥೆ ಅಂಟಿಕೊಳ್ಳುವುದಕ್ಕೆ ಇಂಥ ಊರೇ ಬೇಕಿತ್ತು.

ಮಕ್ಕಳು ಹೋದ ಕಾಲಕ್ಕೆ ಊರು ಯಾರ ಕೈಯಲ್ಲಿತ್ತು?

ಈ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಇದು ಬಹಳ ಮುಖ್ಯ. 1259ರಲ್ಲಿ ಫುಲ್ಡಾದ ಮಠಾಧಿಪತಿ ತನ್ನ ಹಕ್ಕನ್ನೆಲ್ಲ ಮಿಂಡೆನ್‌ನ ಬಿಷಪ್‌ಗೆ ಮಾರಿಬಿಟ್ಟ. ಊರನ್ನು ಮಾರುವಾಗ ಊರವರನ್ನು ಕೇಳಲಿಲ್ಲ. ಹಾಮೆಲ್ನ್‌ನವರು ಒಪ್ಪದೆ ಆಯುಧ ಹಿಡಿದು ಹೊರಟರು. 1260ರ ಬೇಸಿಗೆಯಲ್ಲಿ ಝೇಡೆಮ್ಯುಂಡರ್ ಎಂಬ ಹಳ್ಳಿಯ ಬಳಿ ಬಿಷಪ್‌ನ ಪಡೆ ಅವರನ್ನು ಸೋಲಿಸಿತು. ಊರಿನ ಎಷ್ಟೋ ತರುಣರು ಅಲ್ಲೇ ಮಡಿದರು. ಆಮೇಲೆ ಬ್ರೌನ್‌ಶ್ವೈಗ್‌ನ ಡ್ಯೂಕ್‌ಗಳು ಕಾಲಿಟ್ಟರು. 1277ರಲ್ಲಿ ಡ್ಯೂಕ್ ಆಲ್ಬ್ರೆಕ್ಟ್ ಪಟ್ಟಣದ ಹಕ್ಕುಗಳನ್ನು ದೃಢಪಡಿಸಿದ.

ಹಾಗಾಗಿ 1284ರ ಹಾಮೆಲ್ನ್ ಒಂದೇ ತಲೆಮಾರಿನಲ್ಲಿ ಮೂವರು ಒಡೆಯರನ್ನು ಕಂಡು, ಒಂದು ಯುದ್ಧ ಸೋತು, ಮಕ್ಕಳ ಮುಂದಿನ ಗತಿಯೇನು ಎಂದು ಕಂಗಾಲಾಗಿದ್ದ ಊರು. ಕೊನೆಯ ಭಾಗದ ಪ್ರಶ್ನೆಗಳನ್ನು ಓದುವಾಗ ಇದು ನೆನಪಿರಲಿ.

ಇಷ್ಟು ಸಣ್ಣ ಊರಿಗೆ ಅಂಥ ಭರ್ಜರಿ ಕಲ್ಲಿನ ಮನೆಗಳನ್ನು ಕಟ್ಟುವಷ್ಟು ದುಡ್ಡು ಎಲ್ಲಿಂದ ಬಂತು?

ಧಾನ್ಯದಿಂದ. 1426ರಿಂದ 1572ರವರೆಗೆ ಹಾಮೆಲ್ನ್ ಹಾನ್ಸಾ ವರ್ತಕರ ಕೂಟದ ಸದಸ್ಯ. ಹದಿನಾರನೆಯ ಶತಮಾನದಲ್ಲಿ ಕಾಳಿನ ಬೆಲೆ ಏರಿತು, ವೇಸರ್ ಮೇಲೆ ದೋಣಿಗಳು ಬ್ರೆಮೆನ್ ಕಡೆಗೆ ಓಡಾಡಿದವು, ವರ್ತಕರ ಕೈಯಲ್ಲಿ ಹಣ ಆಡಿತು. ಆ ಹಣ ಸುತ್ತಲಿನ ಮರಳುಗಲ್ಲಿನಲ್ಲಿ ಮನೆಗಳಾಗಿ ನಿಂತಿತು. ಈ ಶೈಲಿಗೆ ವೇಸರ್ ರಿನೈಸಾನ್ಸ್ ಎಂದೇ ಹೆಸರು: ಬೀದಿಗೆ ಚಾಚಿದ ಕಿಟಕಿ ಮಾಡ, ಸುರುಳಿ ಸುರುಳಿ ಕೆತ್ತಿದ ಮುಂಗೋಡೆ, ಗೋಡೆಯ ಉದ್ದಕ್ಕೂ ಕಲ್ಲಿನ ಪಟ್ಟಿಗಳು. 1589ರಲ್ಲಿ ಮುಗಿದ ಲೈಸ್ಟ್ ಮನೆ, 1602–03ರ ಇಲಿಗಾರನ ಮನೆ, 1610–17ರ ಮದುವೆ ಮನೆ, ಇವು ಮೂರನ್ನು ನೋಡಿದರೆ ಶೈಲಿ ಅರ್ಥವಾಗುತ್ತದೆ. ಮದುವೆ ಮನೆ ಎಂದರೆ ನಮ್ಮ ಕಲ್ಯಾಣ ಮಂಟಪವೇ. ಊರವರ ಮದುವೆ ಊಟಗಳಿಗೆಂದು ಕಟ್ಟಿಸಿದ ಸಾರ್ವಜನಿಕ ಕಟ್ಟಡ.

ಕಟ್ಟಿ ಮುಗಿಸಿದ ಮರುವರ್ಷವೇ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. 1625ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಇಲ್ಲಿನ ಕೋಟೆಗೋಡೆಯ ಮೇಲಿಂದ ಕುದುರೆ ಸಮೇತ ಉರುಳಿಬಿದ್ದು ಎಚ್ಚರ ತಪ್ಪಿದ್ದ. ಆ ಸಂಪತ್ತಿನ ಕಾಲ ಮತ್ತೆ ಹಾಗೆ ಬರಲಿಲ್ಲ.

ಕೋಟೆ ಇತ್ತಂತೆ. ಈಗ ಯಾಕೆ ಕಾಣುವುದಿಲ್ಲ?

1664ರಿಂದ ಹಾಮೆಲ್ನ್‌ಅನ್ನು ದೊಡ್ಡ ಸೇನಾ ಕೋಟೆಯಾಗಿ ಬೆಳೆಸಿದರು. "ಉತ್ತರದ ಜಿಬ್ರಾಲ್ಟರ್" ಎನ್ನುವಷ್ಟು ಹೆಸರು. 1757ರಲ್ಲಿ ಪಕ್ಕದ ಹಾಸ್ಟೆನ್‌ಬೆಕ್‌ನಲ್ಲಿ ಫ್ರೆಂಚರು ಗೆದ್ದ ಮೇಲೆ ನದಿಯಾಚೆಯ ಕ್ಲ್ಯೂಟ್ ಗುಡ್ಡದ ಮೇಲೂ ಕೋಟೆ ಎದ್ದಿತು. ಅಷ್ಟೆಲ್ಲ ಇದ್ದೂ 1806ರ ನವೆಂಬರ್‌ನಲ್ಲಿ ಅಲ್ಲಿದ್ದ ಪ್ರಷ್ಯನ್ ದಂಡನಾಯಕರು ನೆಪೋಲಿಯನ್ನನ ಪಡೆಗೆ ಹೋರಾಡದೆ ಶರಣಾದರು. ಕವಿ ಆಡೆಲ್ಬರ್ಟ್ ಫಾನ್ ಶಾಮಿಸ್ಸೋ ಆಗ ಆ ಪ್ರಷ್ಯನ್ ಪಡೆಯಲ್ಲಿ ಅಧಿಕಾರಿ. ಎರಡು ವರ್ಷದ ನಂತರ ನೆಪೋಲಿಯನ್ನನ ಆಜ್ಞೆಯಂತೆ ಕೋಟೆಯನ್ನು ಕೆಡವಿದರು. 1866ರಲ್ಲಿ ಹ್ಯಾನೋವರ್ ರಾಜ್ಯದೊಂದಿಗೆ ಊರೂ ಪ್ರಷ್ಯಕ್ಕೆ ಸೇರಿತು.

ಹಾಮೆಲ್ನ್‌ನಲ್ಲಿ ಇನ್ನೊಬ್ಬ ವಿಚಿತ್ರ ಹುಡುಗ ಸಿಕ್ಕಿದ್ದನಂತೆ?

ಹೌದು, ಪೀಟರ್. 1724ರಲ್ಲಿ ಊರ ಹೊರಗಿನ ಹೊಲದ ಬಳಿ ಬಟ್ಟೆಯಿಲ್ಲದೆ, ಮಾತಿಲ್ಲದೆ ಸಿಕ್ಕಿದ ಹುಡುಗ. ಹ್ಯಾನೋವರ್‌ನವನೇ ಆಗಿದ್ದ ಇಂಗ್ಲೆಂಡಿನ ದೊರೆ ಒಂದನೆಯ ಜಾರ್ಜ್ ಅವನನ್ನು ಲಂಡನ್ನಿಗೆ ಕರೆಸಿಕೊಂಡ. ಆಸ್ಥಾನದವರು ಕೆಲವು ದಿನ ಕುತೂಹಲದಿಂದ ನೋಡಿದರು, ಆಮೇಲೆ ಬೇಸರಗೊಂಡರು. ಅವನು ಹಾರ್ಟ್‌ಫರ್ಡ್‌ಶೈರ್‌ನ ರೈತರ ಮನೆಯಲ್ಲಿ ಉಳಿದ ಬದುಕು ಕಳೆದು 1785ರಲ್ಲಿ ತೀರಿಕೊಂಡ. ದಾರಿ ತಪ್ಪುತ್ತಾನೆಂದು ಹೆಸರು, ವಿಳಾಸ ಕೆತ್ತಿದ ಪಟ್ಟಿಯನ್ನು ಅವನ ಕೊರಳಿಗೆ ಹಾಕಿದ್ದರು. ಮಕ್ಕಳನ್ನು ಕಳೆದುಕೊಂಡ ಊರಿನಲ್ಲಿ ಯಾರದೆಂದು ತಿಳಿಯದ ಒಂದು ಮಗು ಸಿಕ್ಕಿತು, ಅದನ್ನೂ ಯಾರೋ ಕರೆದೊಯ್ದರು. ಈ ವಿಷಯ ಹೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಹಿಟ್ಲರನ ಕಾಲದಲ್ಲಿ ಇಲ್ಲಿ ಏನಾಯಿತು?

ಇದನ್ನು ಬಿಟ್ಟು ಊರಿನ ಕಥೆ ಹೇಳಿದರೆ ಸುಳ್ಳಾಗುತ್ತದೆ. 1933ರಿಂದ 1937ರವರೆಗೆ ಪ್ರತಿ ವರ್ಷ ಸುಗ್ಗಿಯ ಹೊತ್ತಿಗೆ ಊರ ದಕ್ಷಿಣದ ಬ್ಯೂಕೆಬೆರ್ಗ್ ಇಳಿಜಾರಿನಲ್ಲಿ ನಾಜಿಗಳು ರಾಷ್ಟ್ರೀಯ ಸುಗ್ಗಿ ಹಬ್ಬ ನಡೆಸಿದರು. ಲಕ್ಷಾಂತರ ಜನ ಸೇರುತ್ತಿದ್ದರು, ಹಿಟ್ಲರ್ ನಡುವಿನ ದಾರಿಯಲ್ಲಿ ನಡೆದು ಬರುತ್ತಿದ್ದ. 1938ರ ನವೆಂಬರ್ 9ರ ರಾತ್ರಿ ಊರಿನ ಯೆಹೂದಿ ಪ್ರಾರ್ಥನಾ ಮಂದಿರ ನಾಶವಾಯಿತು. ಅದೇ ಜಾಗದಲ್ಲಿ ಹೊಸ ಮಂದಿರ ಎದ್ದದ್ದು 2011ರಲ್ಲಿ. ನದಿಯ ದಡದ ಸೆರೆಮನೆಯಲ್ಲಿ ಆಡಳಿತದ ವಿರೋಧಿಗಳನ್ನು ಕೂಡಿಹಾಕಿದ್ದರು. ಯುದ್ಧ ಮುಗಿದ ಮೇಲೆ ಅದೇ ಸೆರೆಮನೆಯಲ್ಲಿ ಬ್ರಿಟಿಷರು ಯುದ್ಧಾಪರಾಧಿಗಳನ್ನು ಗಲ್ಲಿಗೇರಿಸಿದರು. ಬೆರ್ಗೆನ್-ಬೆಲ್ಸೆನ್ ಶಿಬಿರದ ಮುಖ್ಯಸ್ಥ ಯೋಸೆಫ್ ಕ್ರಾಮರ್ ಸತ್ತದ್ದು ಇಲ್ಲಿ, 1945ರ ಡಿಸೆಂಬರ್ 13ರಂದು. ಆ ಸೆರೆಮನೆಯ ಕಟ್ಟಡ ಈಗ ಹೋಟೆಲ್.

1945ರ ಏಪ್ರಿಲ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯೇ ವೇಸರ್ ಸೇತುವೆಯನ್ನು ಸಿಡಿಸಿತು. ಅಮೆರಿಕನ್ನರ ಶೆಲ್ ದಾಳಿಯಲ್ಲಿ ಪೇಟೆ ಚರ್ಚು ಹಾಳಾಯಿತು. ಈಗ ಕಾಣುವುದು ಐವತ್ತರ ದಶಕದಲ್ಲಿ ಮತ್ತೆ ಕಟ್ಟಿದ್ದು.

## ಹೋಗಿ ನೋಡುವವರಿಗೆ

ಒಂದೇ ದಿನ ಇದೆ. ಏನು ನೋಡಲಿ?

ಹ್ಯಾನೋವರ್‌ನಿಂದ ಎಸ್-5 ರೈಲು, ಮುಕ್ಕಾಲು ಗಂಟೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಆದರೆ ಭಾನುವಾರವೇ ಹೋಗಿ. ಮಧ್ಯಾಹ್ನ ಹನ್ನೆರಡಕ್ಕೆ ಮದುವೆ ಮನೆಯ ಮುಂದೆ ಊರವರೇ ಸೇರಿ ನಾಟಕ ಆಡುತ್ತಾರೆ, ಟಿಕೆಟ್ ಇಲ್ಲ. 1956ರಿಂದ ನಡೆದುಬಂದಿದೆ. ಬೂದುಬಣ್ಣದ ಇಲಿ ವೇಷದ ಪುಟ್ಟ ಮಕ್ಕಳು ಬಾಲ ಎಳೆದುಕೊಂಡು ಓಡಾಡುತ್ತಾರೆ. ಮುಂದಿನ ಸಾಲಿನಲ್ಲಿ ನಿಂತರೆ ವೇಷದ ಕಿವಿ ಕಳಚಿ ಬಿದ್ದಾಗ ಅಮ್ಮ ಬಂದು ಪಿನ್ನು ಹಾಕುವುದೂ ಕಾಣುತ್ತದೆ. ಆ ಮಕ್ಕಳೇ ಸ್ವಲ್ಪ ಹೊತ್ತಿಗೆ ಪೈಪರ್‌ನ ಹಿಂದೆ ಸಾಲಾಗಿ ಹೊರಟಾಗ ನೋಡುವವರ ಗುಂಪು ಗಪ್‌ಚಿಪ್.

ಬೇಗ ಮುಗಿದರೆ ಲೈಸ್ಟ್ ಮನೆಯ ಮ್ಯೂಸಿಯಂ, ಆಮೇಲೆ ಮ್ಯೂನ್‌ಸ್ಟರ್, ಸಂಜೆಗೆ ನದಿಯ ದಂಡೆ. ಬೀದಿಯ ಕಲ್ಲುಹಾಸಿನಲ್ಲಿ ಕೂರಿಸಿರುವ ಇಲಿಯ ಗುರುತುಗಳನ್ನು ಹಿಡಿದು ನಡೆದರೆ ಮುಖ್ಯ ಜಾಗಗಳೆಲ್ಲ ಸಿಗುತ್ತವೆ. "ಇಲಿಬಾಲ" ಎಂಬ ತಿನಿಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ: ಅದು ತೆಳ್ಳಗೆ ಹೆಚ್ಚಿದ ಹಂದಿಮಾಂಸ, ಸಸ್ಯಾಹಾರಿಗಳು ಬ್ರೆಡ್ ಅಂಗಡಿ ನೋಡಿಕೊಳ್ಳಿ.

ವಾದ್ಯ ನುಡಿಸಬಾರದ ಬೀದಿ ಒಂದಿದೆಯಂತೆ, ನಿಜವಾ?

ನಿಜ. ಇಲಿಗಾರನ ಮನೆಯ ಪಕ್ಕದಲ್ಲೇ ಒಳಹೋಗುವ ಓಣಿ. ಹೆಸರು ಬುಂಗೆಲೋಸೆನ್‌ಶ್ಟ್ರಾಸೆ. ಬುಂಗೆ ಅಂದರೆ ಡೋಲು. ಡೋಲಿಲ್ಲದ ಬೀದಿ ಎಂದರ್ಥ. ಮಕ್ಕಳು ಊರು ಬಿಟ್ಟದ್ದು ಈ ದಾರಿಯಲ್ಲಿ ಎಂಬ ನಂಬಿಕೆ. ಇಲ್ಲಿ ಕುಣಿಯುವಂತಿಲ್ಲ, ವಾದ್ಯ ಬಾರಿಸುವಂತಿಲ್ಲ. ಮದುವೆಯ ದಿಬ್ಬಣ ಬಂದರೂ ಓಣಿಯ ಬಾಯಲ್ಲಿ ವಾಲಗ ನಿಲ್ಲಿಸಿ, ಆಚೆ ತುದಿ ದಾಟಿದ ಮೇಲೆ ಮತ್ತೆ ಶುರುಮಾಡಬೇಕು ಎಂಬ ಕಟ್ಟಳೆ.

ಆ ಮೂಲೆಯಲ್ಲಿ ನಿಂತು ಮನೆಯ ಪಕ್ಕದ ಗೋಡೆ ನೋಡಿ. ಹಳೆಯ ಜರ್ಮನ್‌ನಲ್ಲಿ ಬರೆದ ಸಾಲುಗಳಿವೆ: 1284ನೇ ಇಸವಿ, ಜಾನ್ ಮತ್ತು ಪೌಲರ ದಿನ, ಜೂನ್ 26ರಂದು, ಬಗೆಬಗೆಯ ಬಣ್ಣದ ಉಡುಪಿನ ಪೈಪರ್‌ನೊಬ್ಬ ಹಾಮೆಲ್ನ್‌ನಲ್ಲಿ ಹುಟ್ಟಿದ 130 ಮಕ್ಕಳನ್ನು ಮರುಳುಮಾಡಿ ಕರೆದೊಯ್ದ, ಕೊಪ್ಪೆನ್ ಎಂಬ ಗುಡ್ಡದ ಬಳಿಯ ಕಲ್ವಾರಿಯಲ್ಲಿ ಅವರು ಕಾಣೆಯಾದರು. ಎರಡು ಸಲ ಓದಿ. ಇಲಿಗಾರನ ಮನೆ ಎಂಬ ಹೆಸರು ಈ ಬರಹದಿಂದಲೇ ಬಂದದ್ದು, ಆದರೆ ಬರಹದಲ್ಲಿ ಒಂದೇ ಒಂದು ಇಲಿಯಿಲ್ಲ.

## ಏನು ನಡೆದಿರಬಹುದು?

ಇದು ನಡೆದದ್ದಾ, ಕಟ್ಟುಕಥೆಯಾ?

ಏನೋ ನಡೆದಿದೆ. ಇಷ್ಟನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸಾಕ್ಷ್ಯ ಮುಖ್ಯವಾಗಿ ಮೂರು. ಪೇಟೆ ಚರ್ಚಿನಲ್ಲಿ 1300ರ ಆಸುಪಾಸಿನ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಈ ಘಟನೆಯ ಚಿತ್ರವಿತ್ತು. 1660ರಲ್ಲಿ ಅದು ಹಾಳಾಯಿತು, ಆದರೆ 1592ರಲ್ಲಿ ಪ್ರವಾಸಿಯೊಬ್ಬ ಮಾಡಿದ ಜಲವರ್ಣದ ಚಿತ್ರ ಉಳಿದಿದೆ, ಅದು ಆ ಕಿಟಕಿಯ ಪ್ರತಿಯೆಂದೇ ಎಣಿಕೆ. ಎರಡನೆಯದು, 1556ರಲ್ಲಿ ಊರ ಹೊಸ ಬಾಗಿಲು ಕಟ್ಟಿದಾಗಿನ ಲ್ಯಾಟಿನ್ ಶಾಸನ. ಮಾಂತ್ರಿಕನೊಬ್ಬ 130 ಮಕ್ಕಳನ್ನು ಊರಿಂದ ಕರೆದೊಯ್ದ 272 ವರ್ಷಗಳ ನಂತರ ಈ ಬಾಗಿಲು ಕಟ್ಟಿದೆವು ಎನ್ನುತ್ತದೆ. ಕಳೆದು ನೋಡಿ, 1284 ಬರುತ್ತದೆ. ಬಾಗಿಲು ಕಟ್ಟುವಾಗಲೂ ಮಕ್ಕಳು ಹೋದ ದಿನದಿಂದ ಲೆಕ್ಕ ಹಾಕಿದ ಊರು ಇದು.

ಮೂರನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು. ಸುಮಾರು 1430–50ರ ನಡುವೆ ಲ್ಯೂನೆಬುರ್ಗ್‌ನ ಹಸ್ತಪ್ರತಿಯೊಂದರ ಕೊನೆಯಲ್ಲಿ ಯಾರೋ ಲ್ಯಾಟಿನ್‌ನಲ್ಲಿ ಬರೆದ ಟಿಪ್ಪಣಿ. 1936ರಲ್ಲಿ ಹೈನ್ರಿಶ್ ಶ್ಪಾನುಟ್ ಅದನ್ನು ಪತ್ತೆಮಾಡಿದರು. ಮೂವತ್ತರ ಹರೆಯದ ಸುಂದರ ಯುವಕ, ಎಲ್ಲರೂ ಬೆರಗಾಗುವಷ್ಟು ಚೆಂದ ಉಟ್ಟವನು, ಸೇತುವೆ ದಾಟಿ ವೇಸರ್ ಬಾಗಿಲಿನಿಂದ ಊರೊಳಗೆ ಬಂದ. ಬೆಳ್ಳಿಯ ಪೈಪು ಊದುತ್ತಾ ಊರೆಲ್ಲ ತಿರುಗಿದ. ಕೇಳಿದ ಮಕ್ಕಳೆಲ್ಲ, 130ರಷ್ಟು ಮಂದಿ, ಅವನ ಹಿಂದೆ ಪೂರ್ವದ ಬಾಗಿಲು ದಾಟಿ ಹೋದರು. ಡೀನ್, ಅಂದರೆ ಚರ್ಚಿನ ಹಿರಿಯ ಪಾದ್ರಿ, ಯೋಹಾನ್ ಡೆ ಲ್ಯೂಡೆಯ ತಾಯಿ ಮಕ್ಕಳು ಹೋಗುವುದನ್ನು ಕಂಡಿದ್ದಳು ಎಂದು ಅದು ಸಾಕ್ಷಿಯ ಸಮೇತ ಹೇಳುತ್ತದೆ.

ಹಾಗಾದರೆ ಇಲಿಗಳು ಕಥೆಗೆ ಬಂದದ್ದು ಯಾವಾಗ?

ಹದಿನಾರನೆಯ ಶತಮಾನದ ನಡುವಿನ ನಂತರ, 1560ರ ಆಜುಬಾಜಿನಲ್ಲಿ ಬರೆದ ತ್ಸಿಮ್ಮೆರ್ನ್ ಮನೆತನದ ವೃತ್ತಾಂತದಲ್ಲಿ. ಅಂದರೆ ಘಟನೆಯಾಗಿ ಪೂರಾ 275 ವರ್ಷ ಈ ಕಥೆಯಲ್ಲಿ ಇಲಿಯೇ ಇರಲಿಲ್ಲ! ಯುರೋಪಿನಲ್ಲಿ ಇಲಿ ಹಿಡಿಯುವ ಸಂಚಾರಿಗಳ ಕಥೆಗಳು ಬೇರೆಯೇ ಇದ್ದವು. ಅಂಥದೊಂದು ಬಂದು ಹಾಮೆಲ್ನ್‌ನ ಕಥೆಗೆ ಕಸಿಯಾಯಿತು.

ಏಕೆ ಬೇಕಾಯಿತು ಎಂಬುದಕ್ಕೆ ನನ್ನ ತಿಳಿವಳಿಕೆ ಹೀಗೆ: ಹಳೆಯ ಕಥೆಯಲ್ಲಿ ಮಕ್ಕಳು ಹೋಗುವುದಕ್ಕೆ ಕಾರಣವೇ ಇಲ್ಲ. ಒಬ್ಬ ಬಂದ, ಊದಿದ, ಕರೆದುಕೊಂಡು ಹೋದ. ಅಷ್ಟು ದೊಡ್ಡ ನಷ್ಟಕ್ಕೆ ಕಾರಣವಿಲ್ಲ ಎಂಬುದನ್ನು ಯಾವ ಮನಸ್ಸೂ ಬಹುಕಾಲ ತಾಳಲಾರದು. ಮಾತು ತಪ್ಪಿದ ಮೇಯರ್ ಸಿಕ್ಕಿದ ಮೇಲೆ ತಪ್ಪಿತಸ್ಥ ಸಿಕ್ಕ.

ಇಲಿಗೆ ಈಜು ಬರುತ್ತದಲ್ಲ? ನದಿಗೆ ಬಿದ್ದರೆ ಸಾಯುವುದು ಹೇಗೆ?

ಪ್ರತಿ ಸಲ ಯಾವುದಾದರೂ ಮಗು ಇದನ್ನು ಕೇಳಿಯೇ ಕೇಳುತ್ತದೆ. ಸರಿಯಾದ ಪ್ರಶ್ನೆ. ಇಲಿಗಳು ಚೆನ್ನಾಗಿ ಈಜುತ್ತವೆ. ಕಥೆಯ ಈ ಭಾಗ ಇಲಿಯ ಜೊತೆ ಬಾಳಿದವರ ಅನುಭವದಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಇದೂ ಒಂದು ಸುಳಿವು.

ಪೈಪರ್ ಅಂದರೆ ಪ್ಲೇಗ್, ಮಕ್ಕಳು ಸತ್ತದ್ದು ಪ್ಲೇಗಿನಿಂದ ಅಂತ ಓದಿದ್ದೆ. ಹೌದಾ?

ಹರಡಿರುವ ಮಾತು, ಆದರೆ ಕಾಲ ಹೊಂದುವುದಿಲ್ಲ. ಯುರೋಪನ್ನು ಗುಡಿಸಿಹಾಕಿದ ಮಹಾಮಾರಿ ಬಂದದ್ದು 1347ರ ನಂತರ. 1284ಕ್ಕೂ ಅದಕ್ಕೂ ಅರವತ್ತು ವರ್ಷಕ್ಕೂ ಹೆಚ್ಚಿನ ಅಂತರ. ಇಲಿ ಎಂದೊಡನೆ ಪ್ಲೇಗ್ ನೆನಪಾಗುವುದು ಸಹಜ. ಆದರೆ ಇಲಿಯೇ ಮೊದಲ ಕಥೆಯಲ್ಲಿಲ್ಲ. ಮೇಲಾಗಿ ಪ್ಲೇಗು ಮಕ್ಕಳನ್ನಷ್ಟೇ, ಒಂದೇ ದಿನ ಒಯ್ಯುವುದಿಲ್ಲ.

ಮಕ್ಕಳ ಧರ್ಮಯುದ್ಧ, ಕುಣಿತದ ಹುಚ್ಚು ಇವೆಲ್ಲ?

ಜೆರುಸಲೇಮ್ ಬಿಡಿಸಲೆಂದು ಮಕ್ಕಳು ಗುಂಪುಗೂಡಿ ಹೊರಟರೆನ್ನುವ ಧರ್ಮಯುದ್ಧ 1212ರದು, ತೀರಾ ಹಿಂದಿನದು. ಕುಣಿತದ ವಾದಕ್ಕೆ ಸ್ವಲ್ಪ ಬಲವಿದೆ: 1237ರಲ್ಲಿ ಎರ್ಫುರ್ಟ್‌ನ ಮಕ್ಕಳು ದೊಡ್ಡ ಗುಂಪಾಗಿ ಕುಣಿಯುತ್ತಾ ಆರ್ನ್‌ಷ್ಟಾಟ್‌ವರೆಗೆ ಹೋದರೆಂದು ಅಲ್ಲಿನ ವೃತ್ತಾಂತ ಹೇಳುತ್ತದೆ. ಜೂನ್ 26 ನಡುಬೇಸಿಗೆಯ ಹಬ್ಬದ ಕಾಲವೂ ಹೌದು. ಆದರೆ ಎರ್ಫುರ್ಟ್‌ನ ಮಕ್ಕಳನ್ನು ತಂದೆತಾಯಿ ಹೋಗಿ ಕರೆತಂದರು. ಹಾಮೆಲ್ನ್‌ನವರು ಬರಲಿಲ್ಲ. ಝೇಡೆಮ್ಯುಂಡರ್ ಯುದ್ಧದಲ್ಲಿ ಸತ್ತ ತರುಣರೇ ಈ "ಮಕ್ಕಳು" ಎನ್ನುವವರೂ ಇದ್ದಾರೆ. ಅದಕ್ಕೆ ವರ್ಷ 24ರಷ್ಟು ತಪ್ಪುತ್ತದೆ, ಯುದ್ಧದಲ್ಲಿ ಸತ್ತವರನ್ನು ಕಾಣೆಯಾದವರು ಎಂದು ಯಾವ ಊರೂ ಹೇಳುವುದಿಲ್ಲ.

ಹೆಚ್ಚು ಜನ ಒಪ್ಪುವ ವಿವರಣೆ ಯಾವುದು?

ವಲಸೆ. ಹದಿಮೂರನೆಯ ಶತಮಾನದಲ್ಲಿ ಪೂರ್ವದ ನಾಡುಗಳಲ್ಲಿ, ಬಾಲ್ಟಿಕ್ ಕರಾವಳಿಯ ಒಳನಾಡಿನಲ್ಲಿ, ಮೊರಾವಿಯದಲ್ಲಿ ಭೂಮಿ ಸಾಗುಮಾಡಲು ಜನ ಬೇಕಿತ್ತು. ಅಲ್ಲಿನ ಒಡೆಯರ ಪರವಾಗಿ ಜನ ಕೂಡಿಸುವ ಏಜೆಂಟರು ಜರ್ಮನ್ ಊರುಗಳಿಗೆ ಬರುತ್ತಿದ್ದರು. ಅವರಿಗೆ ಲೋಕಾಟೋರ್ ಎಂದು ಹೆಸರು. ಕಣ್ಣು ಕುಕ್ಕುವ ಬಟ್ಟೆ, ವಾದ್ಯದ ಸದ್ದು, ನಿಮಗೆ ನಿಮ್ಮದೇ ಹೊಲ, ಇಷ್ಟು ವರ್ಷ ತೆರಿಗೆಯಿಲ್ಲ ಎಂಬ ಆಸೆಮಾತು. ಹಾಮೆಲ್ನ್‌ನಲ್ಲಿ ಜಮೀನು ಹಿರಿಮಗನಿಗೆ. ಕಿರಿಯರಿಗೆ ಕೂಲಿ ಅಥವಾ ಬ್ರಹ್ಮಚರ್ಯ. "ಊರಿನ ಮಕ್ಕಳು" ಎಂದರೆ ಎಳೆಯ ಮಕ್ಕಳೇ ಆಗಬೇಕಿಲ್ಲ, ಊರಲ್ಲಿ ಹುಟ್ಟಿದವರು ಎಂಬ ಅರ್ಥವೂ ಇತ್ತು. ನಮ್ಮಲ್ಲಿ "ಈ ಮಣ್ಣಿನ ಮಕ್ಕಳು" ಎನ್ನುವುದಿಲ್ಲವೇ?

ಭಾಷಾ ವಿದ್ವಾಂಸ ಯುರ್ಗೆನ್ ಉಡೊಲ್ಫ್ ಇದಕ್ಕೆ ಊರ ಹೆಸರುಗಳ ಸಾಕ್ಷ್ಯ ತಂದರು. ಹಾಮೆಲ್ನ್ ಬಳಿ ಹಾಮೆಲ್‌ಶ್ಪ್ರಿಂಗೆ ಇದೆ, ಬರ್ಲಿನ್ನಿನ ಉತ್ತರದ ಉಕರ್‌ಮಾರ್ಕ್‌ನಲ್ಲಿ ಹಾಮ್ಮೆಲ್‌ಶ್ಪ್ರಿಂಗ್ ಇದೆ. ವೇಸರ್ ದಂಡೆಯಲ್ಲಿ ಬೇವೆರುಂಗೆನ್, ಪೂರ್ವದ ಪ್ರಿಗ್‌ನಿಟ್ಸ್‌ನಲ್ಲಿ ಬೇವೆರಿಂಗೆನ್. ಇಲ್ಲಿ ಶ್ಪೀಗೆಲ್‌ಬೆರ್ಗ್, ಅಲ್ಲೂ ಶ್ಪೀಗೆಲ್‌ಬೆರ್ಗ್. ಹೋದವರು ಬಿಟ್ಟ ಊರಿನ ಹೆಸರನ್ನು ಹೊಸ ನೆಲಕ್ಕೆ ಇಟ್ಟರು ಎಂಬುದು ಅವರ ವಾದ.

ಬ್ರೌನಿಂಗ್ ಕವಿತೆಯಲ್ಲಿ 1376ರ ಜುಲೈ 22 ಅಂತಿದೆ. 1284 ತಪ್ಪಾ?

1284ನ್ನೇ ಇಟ್ಟುಕೊಳ್ಳಿ. 1605ರಲ್ಲಿ ರಿಚರ್ಡ್ ವರ್ಸ್ಟೀಗನ್ ಎಂಬಾತ ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ತಾರೀಕು ಕೊಟ್ಟ, ಬ್ರೌನಿಂಗ್ ಕವಿತೆಯಲ್ಲೂ ಅದೇ ಬಂತು. ಮಕ್ಕಳು ಟ್ರಾನ್ಸಿಲ್ವೇನಿಯಾದಲ್ಲಿ ಎದ್ದರು ಎಂಬ ಮಾತೂ ವರ್ಸ್ಟೀಗನ್‌ನಲ್ಲಿದೆ. ಊರಿನೊಳಗಿನ ಶಾಸನಗಳು ಹೇಳುವುದು 1284ನ್ನೇ.

ನಿಮಗೆ ಏನನ್ನಿಸುತ್ತದೆ? ವಲಸೆ ಹೋದರೆ ಅದಕ್ಕೆ ಇಷ್ಟು ಶತಮಾನ ಅಳುತ್ತಾರಾ?

ಕೇಳಿದವರು ಎಪ್ಪತ್ತು ದಾಟಿದ ತಾಯಿ. ಮಗ ಜರ್ಮನಿಯಲ್ಲಿ, ಮಗಳು ಅಮೆರಿಕದಲ್ಲಿ. ಕೇಳಿದ ಮೇಲೆ ಅವರೇ ಸುಮ್ಮನಾಗಿ ನದಿ ನೋಡುತ್ತಾ ಕೂತರು.

ನನಗೂ ವಲಸೆಯೇ ಸರಿ ಅನ್ನಿಸುತ್ತದೆ. ಆ ಕಾಲಕ್ಕೆ ಉಕರ್‌ಮಾರ್ಕ್‌ಗೆ ಹೋದವರಿಂದ ಕಾಗದ ಬರುವುದಿಲ್ಲ. ಓದು ಬರಹ ಇಲ್ಲ, ದಾರಿ ತಿಂಗಳುಗಟ್ಟಲೆ. ಸುಖವಾಗಿದ್ದಾರೋ, ನಡುದಾರಿಯಲ್ಲೇ ತೀರಿದರೋ ತಿಳಿಯುವ ಬಗೆಯಿಲ್ಲ. ಗುಡ್ಡ ತಿರುಗಿದ ಮೇಲೆ ಕಾಣಲಿಲ್ಲ ಎಂದರೆ ಗುಡ್ಡ ಬಾಯಿತೆರೆದು ನುಂಗಿದ ಹಾಗೆಯೇ. ಊರ ಪೂರ್ವ ಬಾಗಿಲ ಹತ್ತಿರ ನಿಂತವರಿಗೆ ಕೊನೆಗೆ ಕಂಡದ್ದು ಬೆನ್ನುಗಳು.

ಲ್ಯೂನೆಬುರ್ಗ್‌ನ ಟಿಪ್ಪಣಿಯಲ್ಲಿ ಇನ್ನೊಂದು ವಾಕ್ಯವಿದೆ. ಅಂದು ಆ ತಾಯಿಗೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ, ಆಮೇಲೆ ಪತ್ರದಲ್ಲಿ ಬರೆದೆ. ಮಕ್ಕಳ ತಾಯಂದಿರು ಊರಿಂದ ಊರಿಗೆ ಓಡಿದರು, ಏನೂ ಸಿಗಲಿಲ್ಲ.